ಹಂದಿಗೋಡು ಕಾಯಿಲೆ: 50 ವರ್ಷದ ಫೈಲು ಮತ್ತು ಹೊಸ ಜೀನ್ ವಿಜ್ಞಾನ

ಬರಹ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ನಡುವೆ ಒಂದಿಷ್ಟು ವಿಜ್ಞಾನ ಬರುತ್ತೆ, ಬಿಟ್ಟು ಹಾರಬೇಡಿ. ಇದು ನಮ್ಮ ಜನರ ಮೂಳೆಯ ವಿಷಯ.

ಜೀನ್ ತಿದ್ದಿ ಮಗು ಉಳಿಸಿದ ಸುದ್ದಿ ನಿಮ್ಮ ವಾಟ್ಸಾಪಿಗೂ ಬಂದಿರುತ್ತೆ. ಅಮೆರಿಕದ ಫಿಲಡೆಲ್ಫಿಯಾದ ಗಂಡು ಮಗು, 2024ರ ಆಗಸ್ಟ್‌ನಲ್ಲಿ ಹುಟ್ಟಿದ್ದು. ಲಿವರಿನಲ್ಲಿ ಇರಬೇಕಾದ ಒಂದು ಕಿಣ್ವ ಇಲ್ಲ, ಹಾಗಾಗಿ ರಕ್ತದಲ್ಲಿ ಅಮೋನಿಯಾ ಏರುತ್ತೆ, ಮಿದುಳಿಗೆ ಹಾನಿ ಆಗುತ್ತೆ. ಇಂಥ ಮಕ್ಕಳಲ್ಲಿ ಬಹಳಷ್ಟು ಉಳಿಯೋದಿಲ್ಲ. ಅಲ್ಲಿನ ವೈದ್ಯರು ಮಗುವಿನ ಡಿಎನ್‌ಎ ಓದಿ, ತಪ್ಪಿರೋ ಅಕ್ಷರ ಯಾವುದು ಅಂತ ಹಿಡಿದು, ಆ ಒಂದು ಅಕ್ಷರ ತಿದ್ದೋ ಔಷಧಿಯನ್ನ ಸುಮಾರು ಆರು ತಿಂಗಳಲ್ಲಿ ತಯಾರು ಮಾಡಿ 2025ರ ಫೆಬ್ರವರಿಯಲ್ಲಿ ಕೊಟ್ಟರು. ಜೂನ್‌ನಲ್ಲಿ ಮಗು ಮನೆಗೆ ಹೋಯ್ತು. ಒಂದೇ ಮಗುವಿಗೆ ಅಂತ ಮಾಡಿದ ಔಷಧಿ ಅದು. ಖುಷಿ ಪಡಬೇಕಾದ ಸುದ್ದಿ, ನಾನೂ ಪಟ್ಟೆ. ಆಮೇಲೆ ಹಂದಿಗೋಡು ನೆನಪಾಯ್ತು.

ಹಂದಿಗೋಡು ಎಲ್ಲಿದೆ ಅಂತ ನಮ್ಮ ದಾವಣಗೆರೆ ಹುಡುಗರಿಗೆ ಕೇಳಿದರೆ ಗೊತ್ತಿರಲ್ಲ. ಹರಿಹರದಿಂದ ಹೊನ್ನಾಳಿ, ಶಿವಮೊಗ್ಗ ದಾಟಿ ಸಾಗರಕ್ಕೆ ಹೋದರೆ ಆ ತಾಲೂಕಿನ ಒಂದು ಹಳ್ಳಿ. ಸಾಗರ ಅಂದ ತಕ್ಷಣ ನಮಗೆಲ್ಲ ಕಾಗೋಡು ಸತ್ಯಾಗ್ರಹ ನೆನಪಾಗುತ್ತೆ. 1951, ಗೇಣಿದಾರರ ಹೋರಾಟ, ಲೋಹಿಯಾ ಬಂದು ಬಂಧನ ಆದದ್ದು. ಭಾಷಣದಲ್ಲೂ ಹೇಳ್ತೀವಿ, ಪುಸ್ತಕದಲ್ಲೂ ಇದೆ. ಅದೇ ತಾಲೂಕಿನ ಹಂದಿಗೋಡಿನ ಚರಿತ್ರೆ ಮಾತ್ರ ಡಾಕ್ಟರುಗಳ ಪತ್ರಿಕೆಗಳಲ್ಲಿ ಇಂಗ್ಲಿಷಲ್ಲಿ ಮಲಗಿದೆ.

1975ರ ಹೊತ್ತಿಗೆ ಹೊರಗಿನವರ ಕಣ್ಣಿಗೆ ಬಿದ್ದದ್ದು ಇಷ್ಟು. ಆ ಊರಲ್ಲಿ ಮತ್ತು ಸುತ್ತಿನ ಹಳ್ಳಿಗಳಲ್ಲಿ ಜನಕ್ಕೆ ಮೊದಲು ಸೊಂಟ ನೋವು, ಆಮೇಲೆ ಮಂಡಿ ನೋವು. ಬರ್ತಾ ಬರ್ತಾ ನಿಲ್ಲೋಕೆ ಆಗಲ್ಲ, ನಡೆಯೋಕೆ ಆಗಲ್ಲ, ಕೊನೆಗೆ ಕೆಲವರು ಕೂತೇ ತೆವಳಬೇಕು. ಕೆಲವು ಮನೆಗಳಲ್ಲಿ ಮಕ್ಕಳು ಎತ್ತರ ಬೆಳೆಯೋದೇ ಇಲ್ಲ. ಮತ್ತೆ ಇದು ಊರಿನ ಎಲ್ಲಾ ಮನೆಗೂ ಬಂದ ಕಾಯಿಲೆ ಅಲ್ಲ. ಬಂದದ್ದು ಚನ್ನಂಗಿ ಮತ್ತು ಛಲವಾದಿ ಕೇರಿಗಳಿಗೆ. ಅಂದ್ರೆ ನಮ್ಮವರಿಗೆ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿ ಬದುಕೋ ಜನಕ್ಕೆ ಸೊಂಟ ಹೋಯ್ತು ಅಂದ್ರೆ ಕೂಲಿ ಹೋಯ್ತು, ಕೂಲಿ ಹೋಯ್ತು ಅಂದ್ರೆ ಅನ್ನ ಹೋಯ್ತು.

ಮಲೆನಾಡಿಗೆ ವಿಜ್ಞಾನಿಗಳು ಹೊಸಬರೇನಲ್ಲ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬಿದ್ದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ ಕಂಡುಹಿಡಿದರು, ಆ ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕ ಸೇರಿತು. ಹಂದಿಗೋಡಿಗೆ ಬಂದವರು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು. ಆರ್. ವಿ. ಭಟ್ ಮತ್ತು ಕೆ. ಎ. ವಿ. ಆರ್. ಕೃಷ್ಣಮಾಚಾರಿ ಅಧ್ಯಯನ ಮಾಡಿ 1977ರಲ್ಲಿ ವರದಿ ಪ್ರಕಟಿಸಿದರು. ಅವರು ಇಟ್ಟ ಹೆಸರಿನ ಅರ್ಥ ಮಲೆನಾಡಿನಲ್ಲಿ ನೆಲೆಯೂರಿದ, ಮನೆತನದಲ್ಲಿ ಹರಿದು ಬರುವ ಸಂಧಿವಾತ ಅಂತ.

ಆ ಕಾಲದಲ್ಲಿ ಬಲವಾಗಿ ಎದ್ದ ಅನುಮಾನ ಕೀಟನಾಶಕದ್ದು. ಹಸಿರು ಕ್ರಾಂತಿ ಹೆಸರಲ್ಲಿ ಭತ್ತದ ಗದ್ದೆಗೆ ಎಂಡ್ರಿನ್, ಪ್ಯಾರಾಥಿಯಾನ್ ಥರದ ವಿಷ ಬಂದಿತ್ತು. ಗದ್ದೆಯ ಏಡಿ, ಮೀನು ಹಿಡಿದು ತಿಂತಿದ್ದವರು ಕೂಲಿ ಜನ. ಹಾಗಾಗಿ ಏಡಿ ತಿಂದವರಿಗೇ ಕಾಯಿಲೆ ಬಂತು ಅನ್ನೋ ಮಾತು ಹುಟ್ಟಿತು, ಇವತ್ತಿಗೂ ಕೆಲವು ಪುಸ್ತಕಗಳಲ್ಲಿ ಅದೇ ಇದೆ. ಆ ಅನುಮಾನ ಪಟ್ಟವರನ್ನ ನಾನು ಹೀಗಳೆಯಲ್ಲ. ಯಾರ ಮೈಗೆ ಕಾಯಿಲೆ ಬಂತು ಅಂತ ಕೇಳಿದಾಗ ಯಾರ ತಟ್ಟೆಯಲ್ಲಿ ಏನಿತ್ತು ಅಂತ ನೋಡಿದ್ದು ಸರಿಯಾದ ಪ್ರಶ್ನೆಯೇ. ಅದರ ಜೊತೆ ಇನ್ನೊಂದು ಪಿಸುಮಾತೂ ಹಳ್ಳಿಯಲ್ಲಿ ಇದ್ದೇ ಇರುತ್ತೆ, ಹೊಲಸು ತಿಂತಾರೆ, ಅದಕ್ಕೇ ಬಂತು ಅಂತ. ಏಡಿ ತಿನ್ನೋದು ಹೊಲಸು ಅಂತೆ, ಗದ್ದೆಗೆ ವಿಷ ಸುರಿಯೋದು ಪ್ರಗತಿ ಅಂತೆ!

ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದ್ರೆ ಐಸಿಎಂಆರ್, ತನಿಖೆಗೆ ಇಳಿಯಿತು. ಲಖನೌನ ಸಂಜಯ್ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಎಸ್. ಎಸ್. ಅಗರ್‌ವಾಲ್ ಮತ್ತು ಸಂಗಡಿಗರು ಮನೆತನಗಳ ವಂಶವೃಕ್ಷ ಬರೆದು, ಎಕ್ಸ್‌ರೇ ತೆಗೆದು ನೋಡಿದರು. 1994ರಲ್ಲಿ ಬಂದ ಅವರ ವರದಿ ಏನು ಹೇಳ್ತು ಅಂದ್ರೆ, ಇದು ಬೆನ್ನುಮೂಳೆ ಮತ್ತು ಉದ್ದ ಮೂಳೆಗಳ ತುದಿ ಸರಿಯಾಗಿ ಬೆಳೆಯದ ಒಂದು ಆನುವಂಶಿಕ ಕಾಯಿಲೆ, ಅಲ್ಲಿವರೆಗೆ ಎಲ್ಲೂ ದಾಖಲಾಗದ ಹೊಸ ಬಗೆ. ಇದರಲ್ಲಿ ಮೂರು ರೂಪ. ಒಂದರಲ್ಲಿ ಎತ್ತರ ಸರಿ ಇರುತ್ತೆ, ಸೊಂಟದ ಕೀಲು ಮಾತ್ರ ಸವೆಯುತ್ತೆ. ಇನ್ನೊಂದರಲ್ಲಿ ಕುಳ್ಳತನ ಮತ್ತು ಸೊಂಟ ಎರಡೂ. ಮೂರನೆಯದರಲ್ಲಿ ಮಂಡಿ, ಮುಂಗೈ, ಬೆರಳಿನ ಕೀಲುಗಳೂ ಸೇರ್ತವೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಯಾಕಂದ್ರೆ ನಮ್ಮ ಕಾರ್ಯಕರ್ತರೇ ಇದನ್ನ ತಪ್ಪು ಹೇಳ್ತಾರೆ. ಸಂಬಂಧದಲ್ಲಿ ಮದುವೆ ಮಾಡ್ಕೊಂಡದ್ದಕ್ಕೆ ಬಂತು ಅಂತಾರೆ. ಅಲ್ಲ. ಪ್ರತಿ ಜೀನ್ ನಮಗೆ ಎರಡು ಪ್ರತಿ ಬರುತ್ತೆ, ಅಪ್ಪನಿಂದ ಒಂದು, ಅವ್ವನಿಂದ ಒಂದು. ಸಿಕಲ್ ಸೆಲ್ ಥರದ ಕಾಯಿಲೆ ಪೂರ್ತಿ ಬರೋಕೆ ಎರಡೂ ಪ್ರತಿ ಕೆಟ್ಟಿರಬೇಕು, ಅಲ್ಲಿ ಸಂಬಂಧದ ಮದುವೆಯಿಂದ ಅಪಾಯ ಹೆಚ್ಚುತ್ತೆ. ಹಂದಿಗೋಡು ಕಾಯಿಲೆ ಪ್ರಬಲ ಜೀನಿನದ್ದು, ಒಂದೇ ಪ್ರತಿ ಕೆಟ್ಟರೂ ಸಾಕು. ಕಾಯಿಲೆ ಇರೋ ಗಂಡಸು ಸೊರಬದ ಹೆಣ್ಣನ್ನ ಆಗಲಿ, ಸ್ವಿಟ್ಜರ್ಲೆಂಡಿನ ಹೆಣ್ಣನ್ನ ಆಗಲಿ ಮದುವೆ ಆದರೂ ಪ್ರತಿ ಮಗುವಿಗೆ ಬರೋ ಸಾಧ್ಯತೆ ಅರ್ಧಕ್ಕರ್ಧ. ಹಾಗಾಗಿ ಸಂಬಂಧ ಬೆಳೆಸಿದ ಆ ಬಡವರನ್ನ ದೂರೋದು ಬಿಡಿ.

ಹಾಗಾದ್ರೆ ಒಂದೇ ಸಮುದಾಯದಲ್ಲಿ ಯಾಕೆ ಉಳಿಯಿತು? ಅದಕ್ಕೆ ಉತ್ತರ ಜಾತಿ. ಎಷ್ಟೋ ತಲೆಮಾರಿನ ಹಿಂದೆ ಒಬ್ಬರಲ್ಲಿ ಆದ ಬದಲಾವಣೆ ಬೇಲಿ ದಾಟಿ ಹೋಗಲಿಲ್ಲ, ಯಾಕಂದ್ರೆ ಬೇಲಿ ದಾಟಿ ಮದುವೆ ಇಲ್ಲ. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 25 ವರ್ಷದ ಬಾಬಾಸಾಹೇಬರು ಮಂಡಿಸಿದ ಪ್ರಬಂಧದ ತಿರುಳು ಇದೇ, ಒಳಮದುವೆಯೇ ಜಾತಿಯ ಜೀವಾಳ ಅಂತ. ಡಿಎನ್‌ಎಯ ರಚನೆ ಗೊತ್ತಾಗೋಕೆ ಇನ್ನೂ 37 ವರ್ಷ ಇತ್ತು ಆವಾಗ. 2013ರಲ್ಲಿ ಹೈದರಾಬಾದಿನ ಸಿಸಿಎಂಬಿಯ ತಂಗರಾಜ್, ಲಾಲ್‌ಜಿ ಸಿಂಗ್ ಮತ್ತು ಅಮೆರಿಕದ ಪ್ರಿಯಾ ಮೂರ್ಜಾನಿ, ಡೇವಿಡ್ ರೈಶ್ ಅವರ ತಂಡ ಭಾರತೀಯರ ಡಿಎನ್‌ಎ ಓದಿ ಹೇಳ್ತು: ಈ ನೆಲದ ಜನ ಸಾವಿರಾರು ವರ್ಷ ಬೆರೆತರು, ಸುಮಾರು 1,900 ವರ್ಷದ ಹಿಂದಿನವರೆಗೂ ಬೆರೆತರು, ಆಮೇಲೆ ಬೆರೆಯೋದು ನಿಂತುಹೋಯ್ತು. ಅಂದ್ರೆ ಜಾತಿ ಅನಾದಿಯಲ್ಲ, ಅದಕ್ಕೂ ಒಂದು ತಾರೀಖು ಇದೆ. 2017ರ ಇನ್ನೊಂದು ಅಧ್ಯಯನ 260ಕ್ಕೂ ಹೆಚ್ಚು ಗುಂಪುಗಳನ್ನ ನೋಡಿ, ಅದರಲ್ಲಿ 81 ಗುಂಪುಗಳು ತೀರಾ ಕಡಿಮೆ ಜನ ಮೂಲಪುರುಷ, ಮೂಲಸ್ತ್ರೀಯರಿಂದ ಬೆಳೆದು ಬಂದಂಥವು, ಅಂಥ ಗುಂಪುಗಳಲ್ಲಿ ಅವರದ್ದೇ ವಿಶೇಷ ಕಾಯಿಲೆಗಳು ಇರುತ್ತವೆ ಅಂತ ತೋರಿಸಿತು.

ಇದನ್ನ ಕೇಳಿ ಯಾರಾದರೂ ದಲಿತರ ರಕ್ತದಲ್ಲೇ ದೋಷ ಅಂದ್ರೆ, ಅವರಿಗೆ ವೈಶ್ಯರ ಉದಾಹರಣೆ ಕೊಡಿ. ಆಪರೇಷನ್‌ಗೆ ಮುಂಚೆ ಸ್ನಾಯು ಸಡಿಲಿಸಲು ಕೊಡೋ ಒಂದು ಔಷಧಿಯನ್ನ ಕರಗಿಸೋ ಕಿಣ್ವ ಆರ್ಯವೈಶ್ಯರಲ್ಲಿ ಕೆಲವರಿಗೆ ಕಡಿಮೆ. ಅವರಿಗೆ ಆ ಇಂಜೆಕ್ಷನ್ ಕೊಟ್ಟರೆ ಎಷ್ಟೋ ಹೊತ್ತು ಉಸಿರಾಟದ ಸ್ನಾಯುಗಳು ಕೆಲಸಕ್ಕೆ ಮರಳಲ್ಲ. ಅರಿವಳಿಕೆ ವೈದ್ಯರಿಗೆ ಇದು ಗೊತ್ತಿರುತ್ತೆ, ಹಾಗಾಗಿ ಹುಷಾರಾಗಿರ್ತಾರೆ. ಎರಡೂ ಕಡೆ ಇರೋದು ಅದೇ ಬೇಲಿ. ವ್ಯತ್ಯಾಸ ಇಷ್ಟೇ, ಒಂದು ಕಡೆಯ ತೊಂದರೆ ಆಪರೇಷನ್ ಟೇಬಲ್ ತನಕ ತಲುಪಿದೆ.

ಈಗ 1994ಕ್ಕೆ ವಾಪಸ್ ಬನ್ನಿ. ನಾನು ಗುಮಾಸ್ತ, ತಾರೀಖು ಪಕ್ಕಪಕ್ಕ ಇಟ್ಟು ನೋಡೋದು ನನ್ನ ಚಟ. ಹಂದಿಗೋಡಿನ ಎಕ್ಸ್‌ರೇ ವರದಿ ಬಂದ ಅದೇ 1994ರಲ್ಲಿ ಅಮೆರಿಕದಲ್ಲಿ, ಫ್ರಾನ್ಸಿನಲ್ಲಿ ಇನ್ನೊಂದು ಮೂಳೆ ಕಾಯಿಲೆಯ ಜೀನ್ ಸಿಕ್ಕಿತು. ಅಕಾಂಡ್ರೊಪ್ಲೇಸಿಯಾ ಅಂತ, ನಾವು ಸಾಮಾನ್ಯವಾಗಿ ನೋಡೋ ಕುಳ್ಳತನಕ್ಕೆ ಅದೇ ದೊಡ್ಡ ಕಾರಣ. ಅದೂ ಪ್ರಬಲ ಜೀನಿನದ್ದೇ. ಮಕ್ಕಳ ಉದ್ದ ಮೂಳೆಯ ತುದಿಯಲ್ಲಿ ಮೆದುಮೂಳೆಯ ಒಂದು ಪದರ ಇರುತ್ತೆ, ಬೆಳವಣಿಗೆ ಆಗೋದು ಅಲ್ಲೇ. ಅಲ್ಲಿನ ಜೀವಕೋಶಕ್ಕೆ ಸಾಕು, ನಿಲ್ಲು ಅಂತ ಹೇಳೋ ಒಂದು ಬ್ರೇಕ್ ಇದೆ. ಆ ಬ್ರೇಕ್ ಸದಾ ಒತ್ತಿಕೊಂಡೇ ಇದ್ದರೆ ಮೂಳೆ ಬೆಳೆಯಲ್ಲ. ಇಷ್ಟು ಗೊತ್ತಾದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಆ ಬ್ರೇಕಿನ ಎದುರು ಕೆಲಸ ಮಾಡೋ ಒಂದು ಪ್ರೋಟೀನ್ ನಮ್ಮ ಮೈಯಲ್ಲೇ ಇದೆ ಅಂತ ಗುರುತಿಸಿ, ಅದರ ನಕಲು ಮಾಡಿ, ದಿನಾ ಕೊಡೋ ಇಂಜೆಕ್ಷನ್ ಆಗಿಸಿದರು. ವೊಸೊರಿಟೈಡ್ ಅಂತ ಹೆಸರು. 2021ರಲ್ಲಿ ಯುರೋಪು, ಅಮೆರಿಕ ಎರಡೂ ಕಡೆ ಒಪ್ಪಿಗೆ ಸಿಕ್ಕಿತು. ನಡುವೆ ಜಪಾನಿನ ಕ್ಯೋಟೋದವರು 2014ರಲ್ಲಿ ಇನ್ನೊಂದು ದಾರಿ ತೋರಿಸಿದರು. ರೋಗಿಯ ಮೈಯಿಂದ ಜೀವಕೋಶ ತೆಗೆದು, ಅದನ್ನ ಹಿಂದಕ್ಕೆ ತಿರುಗಿಸಿ ಕಾಂಡಕೋಶ ಮಾಡಿ, ಅದರಿಂದ ಗಾಜಿನ ತಟ್ಟೆಯಲ್ಲಿ ಅದೇ ರೋಗಿಯ ಮೆದುಮೂಳೆ ಬೆಳೆಸಿ, ಯಾವ ಔಷಧಿಗೆ ಅದು ಸರಿಹೋಗುತ್ತೆ ಅಂತ ತಟ್ಟೆಯಲ್ಲೇ ಪರೀಕ್ಷೆ ಮಾಡಿದರು. ಮನುಷ್ಯನ ಮೇಲೆ ಮೊದಲು ಪ್ರಯೋಗ ಮಾಡೋ ಗೋಜೇ ಇಲ್ಲ.

ವೊಸೊರಿಟೈಡ್ ಹಂದಿಗೋಡು ಕಾಯಿಲೆಗೆ ಔಷಧಿ ಅಲ್ಲ, ದಯವಿಟ್ಟು ಯಾರೂ ಹಾಗೆ ಹಬ್ಬಿಸಬೇಡಿ. ನಾನು ಹೇಳ್ತಿರೋದು ದಾರಿಯ ವಿಷಯ. ಎಕ್ಸ್‌ರೇಯಿಂದ ಜೀನಿಗೆ, ಜೀನಿನಿಂದ ಜೀವಕೋಶದ ಒಳಗಿನ ಬ್ರೇಕಿಗೆ, ಅಲ್ಲಿಂದ ಇಂಜೆಕ್ಷನ್‌ಗೆ 27 ವರ್ಷ. ಅದೇ ಅವಧಿಯಲ್ಲಿ ಹಂದಿಗೋಡಿನ ಜನಕ್ಕೆ ಸಿಕ್ಕಿದ್ದೇನು? ಒಂದು ಉದ್ದನೆ ಹೆಸರು. 2008ರಲ್ಲಿ ಬಂದ ಒಂದು ಸಂಶೋಧನಾ ಬರಹ ಇದೇ ಜನರ ರಕ್ತದಲ್ಲಿ ಮೆಗ್ನೀಸಿಯಂ ಎಷ್ಟು, ಸೆರುಲೋಪ್ಲಾಸ್ಮಿನ್ ಅನ್ನೋ ಪ್ರೋಟೀನ್ ಎಷ್ಟು ಅಂತ ಲೆಕ್ಕ ಹಾಕಿದೆ. ಒಳ್ಳೆ ಕೆಲಸ. ಆದರೆ ರಕ್ತ ಕೊಟ್ಟವನ ಸೊಂಟ ಆ ಬರಹದಿಂದ ನೆಟ್ಟಗಾಗಲಿಲ್ಲ.

ಫೈಲಿನ ಭಾಷೆಯಲ್ಲಿ ಹೇಳ್ತೀನಿ. ಆಫೀಸಲ್ಲಿ ಒಂದು ಅರ್ಜಿಯನ್ನ ಸಾಯಿಸಬೇಕು ಅಂದ್ರೆ ತಿರಸ್ಕರಿಸಬೇಕಾಗಿಲ್ಲ, ಮೇಲೆ ಒಂದು ಷರಾ ಬರೆದರೆ ಸಾಕು. ವಂಶಪಾರಂಪರ್ಯ ಅನ್ನೋದು ಹಂದಿಗೋಡಿನ ಫೈಲಿನ ಮೇಲೆ ಬಿದ್ದ ಷರಾ. ವಿಜ್ಞಾನಿ ಆ ಪದ ಬಳಸಿದಾಗ ಅದು ಹುಡುಕಾಟದ ಶುರು. ಸರ್ಕಾರದ ಕಿವಿಗೆ ಬಿದ್ದಾಗ ಇನ್ನೇನೂ ಮಾಡೋಕೆ ಆಗಲ್ಲ ಅಂತಾಯ್ತು. ಊರಿನ ಕಿವಿಗೆ ಬಿದ್ದಾಗ ಕರ್ಮ ಅಂತಾಯ್ತು. ಇಂಥ ಕುಟುಂಬಗಳಿಗೆ ಮಕ್ಕಳು ಮಾಡ್ಕೋಬೇಡಿ ಅಂತ ಉಪದೇಶ ಮಾಡೋದನ್ನೇ ಚಿಕಿತ್ಸೆ ಅಂದುಕೊಂಡವರೂ ಇದ್ದಾರೆ. ಒಂದು ಸಮುದಾಯವೇ ಹುಟ್ಟದಿದ್ದರೆ ಕಾಯಿಲೆ ಇರಲ್ಲ ಅನ್ನೋದು ವೈದ್ಯಕೀಯ ಅಲ್ಲ, ಅದಕ್ಕೆ ಬೇರೆ ಹೆಸರಿದೆ.

ನಮ್ಮ ಚಳವಳಿಗೂ ಒಂದು ಮಾತು. ಪ್ರೊ. ಬಿ. ಕೃಷ್ಣಪ್ಪನವರು ನಮ್ಮ ಹರಿಹರದಲ್ಲೇ ಹುಟ್ಟಿದವರು. ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದುಕೊಂಡು ದಲಿತ ಸಂಘರ್ಷ ಸಮಿತಿ ಕಟ್ಟಿದ್ದು 70ರ ದಶಕದ ಮಧ್ಯದಲ್ಲಿ, ಅಂದ್ರೆ ಅದೇ ಶಿವಮೊಗ್ಗ ಜಿಲ್ಲೆಯ ಇನ್ನೊಂದು ತುದಿಯಲ್ಲಿ ಹಂದಿಗೋಡಿನ ಸುದ್ದಿ ಹೊರಗೆ ಬಂದ ವರ್ಷಗಳಲ್ಲಿ. 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆ ವಿರುದ್ಧ ನಿಂತಾಗ ನಮ್ಮವರು ಮೈಯ ಘನತೆಯ ಪ್ರಶ್ನೆ ಎತ್ತಿದರು. ಭೂಮಿ, ಕುಡಿಯೋ ನೀರು, ಮೀಸಲಾತಿ ಎಲ್ಲಾ ಎತ್ತಿದೀವಿ. ಸಾಗರದ ಕಡೆಯ ಸಂಗಾತಿಗಳು ಹಂದಿಗೋಡಿನ ಸಂತ್ರಸ್ತರ ಪರವಾಗಿ ಓಡಾಡಿದಾರೆ, ಅವರಿಗೆ ಶರಣು. ಆದರೆ ಜೀನ್, ಜೀವಕೋಶ, ಪ್ರಯೋಗಾಲಯ ಅನ್ನೋ ಪದಗಳು ನಮ್ಮ ವೇದಿಕೆಗೆ ಬರೋದೇ ಇಲ್ಲ. ಅದು ಓದಿಕೊಂಡವರ ವಿಷಯ ಅಂತ ಬಿಟ್ಟುಬಿಟ್ಟಿದೀವಿ.

ಹೊರಗಿನ ಕರಿಯ ಜನ ಹಾಗೆ ಬಿಡಲಿಲ್ಲ. ಹೆನ್ರಿಯೆಟ್ಟಾ ಲ್ಯಾಕ್ಸ್ ಕಥೆ ನಿಮಗೆ ಗೊತ್ತಿರಬಹುದು. ತಂಬಾಕು ಹೊಲದಲ್ಲಿ ಬೆಳೆದ ಕಪ್ಪು ಹೆಣ್ಣುಮಗಳು. 1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಕರಿಯರ ವಾರ್ಡಿನಲ್ಲಿ ಕ್ಯಾನ್ಸರಿಗೆ ಚಿಕಿತ್ಸೆ ಪಡೀತಿದ್ದಾಗ ಕೇಳದೆ ಅವಳ ಜೀವಕೋಶ ತೆಗೆದರು. ಆ ಕೋಶಗಳು ಸಾಯಲೇ ಇಲ್ಲ, ಇವತ್ತಿಗೂ ಪ್ರಯೋಗಾಲಯಗಳಲ್ಲಿ ಬೆಳೀತಿವೆ. ಪೋಲಿಯೋ ಲಸಿಕೆಯ ಪರೀಕ್ಷೆಗೆ ಅವು ಬಳಕೆಯಾದವು. ನನಗೆ, ನಿಮಗೆ ಬಾಲ್ಯದಲ್ಲಿ ಬಿದ್ದ ಪೋಲಿಯೋ ಹನಿಯ ಚರಿತ್ರೆಯಲ್ಲಿ ಆ ತಾಯಿಯ ಋಣ ಇದೆ. ಅವಳು ಅದೇ ವರ್ಷ ಅಕ್ಟೋಬರಿನಲ್ಲಿ ತೀರಿಕೊಂಡಳು, ಮನೆಯವರಿಗೆ ಸುದ್ದಿ ಗೊತ್ತಾಗೋಕೆ ಎರಡು ದಶಕ ಆಯ್ತು. ಆದರೆ ಕುಟುಂಬ ಬಿಡಲಿಲ್ಲ. 2013ರಲ್ಲಿ ಆ ಕೋಶದ ಡಿಎನ್‌ಎ ಮಾಹಿತಿಯನ್ನ ಯಾರು ನೋಡಬಹುದು ಅನ್ನೋ ತೀರ್ಮಾನದಲ್ಲಿ ಕುಟುಂಬಕ್ಕೂ ಜಾಗ ಸಿಕ್ಕಿತು. 2023ರಲ್ಲಿ ಥರ್ಮೋ ಫಿಷರ್ ಕಂಪನಿ ಅವರ ಜೊತೆ ರಾಜಿಗೆ ಬಂತು.

ದಕ್ಷಿಣ ಆಫ್ರಿಕಾದಲ್ಲಿ ಇನ್ನೂ ಹತ್ತಿರದ ಉದಾಹರಣೆ ಇದೆ. ಅಲ್ಲಿನ ಜುಲುಲ್ಯಾಂಡಿನ ಮ್ಸೆಲೆನಿ ಅನ್ನೋ ಕಡೆ 1970ರಲ್ಲಿ ಇದೇ ಥರ ಕರಿಯರ ಸೊಂಟ ಮುರಿಯೋ ಕಾಯಿಲೆ ದಾಖಲಾಗಿತ್ತು. ಹಂದಿಗೋಡಿನ ಬಗ್ಗೆ ಬರೆದವರು ಅದರ ಜೊತೆ ಇದನ್ನ ಹೋಲಿಸಿದಾರೆ. ಅದೇ ದೇಶದ ಸ್ಯಾನ್ ಬುಡಕಟ್ಟಿನವರು 2017ರಲ್ಲಿ ತಾವೇ ಒಂದು ಸಂಹಿತೆ ಬರೆದರು. ನಮ್ಮ ಹತ್ರ ರಕ್ತ ಕೇಳೋಕೆ ಬರೋರು ಮೊದಲು ನಮ್ಮ ಸಮಿತಿಯ ಮುಂದೆ ಬನ್ನಿ, ಏನು ಮಾಡ್ತೀರಿ ಹೇಳಿ, ಫಲಿತಾಂಶ ನಮಗೆ ಅರ್ಥ ಆಗೋ ಹಾಗೆ ವಾಪಸ್ ತಂದು ಕೊಡಿ ಅನ್ನೋದು ಅದರ ಸಾರ. ಚನ್ನಂಗಿ, ಛಲವಾದಿ ಕೇರಿಗೆ ಅಂಥದ್ದೊಂದು ಯಾಕೆ ಬೇಡ?

ಸರ್ಕಾರಕ್ಕೆ ಮನಸ್ಸು ಬಂದರೆ ಆಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ, ತಡ ಆದರೂ. ನೀಲಗಿರಿಯ ಆದಿವಾಸಿಗಳಲ್ಲಿ ಸಿಕಲ್ ಸೆಲ್ ಇದೆ ಅಂತ ಗೊತ್ತಾಗಿದ್ದು 1952ರಲ್ಲಿ. ಅದಕ್ಕಂತಲೇ ರಾಷ್ಟ್ರೀಯ ಮಿಷನ್ ಶುರುವಾಗಿದ್ದು 2023ರ ಜುಲೈ 1ಕ್ಕೆ, 71 ವರ್ಷ! ಕರ್ನಾಟಕವೂ ಅದರಲ್ಲಿ ಸೇರಿದೆ. ಅದೇ 2023ರ ಕೊನೆಗೆ ಬ್ರಿಟನ್, ಅಮೆರಿಕದಲ್ಲಿ ಸಿಕಲ್ ಸೆಲ್‌ಗೆ ಕ್ರಿಸ್ಪರ್ ಚಿಕಿತ್ಸೆ ಒಪ್ಪಿಗೆ ಪಡೀತು. ರೋಗಿಯದ್ದೇ ಕಾಂಡಕೋಶ ತೆಗೆದು, ಹುಟ್ಟಿದ ಮೇಲೆ ಆಫ್ ಆಗೋ ಒಂದು ಹಿಮೋಗ್ಲೋಬಿನ್ ಸ್ವಿಚ್ಚನ್ನ ಮತ್ತೆ ಆನ್ ಮಾಡೋ ಚಿಕಿತ್ಸೆ. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ 18 ಕೋಟಿ ರೂಪಾಯಿ ಮೇಲೆ. ಒಂದು ಹಾಡಿಯ ಎಲ್ಲಾ ಮನೆ ಮಾರಿದರೂ ಆಗಲ್ಲ. ಆದರೆ ದೆಹಲಿಯ ಐಜಿಐಬಿ ಸಂಸ್ಥೆಯವರು ನಮ್ಮದೇ ಕ್ರಿಸ್ಪರ್ ಚಿಕಿತ್ಸೆ ಸಿದ್ಧ ಮಾಡ್ತಿದಾರೆ, 2025ರ ನವೆಂಬರ್‌ನಲ್ಲಿ ಅದಕ್ಕೆ ಬಿರ್ಸಾ ಮುಂಡಾ ಹೆಸರಲ್ಲಿ ಬಿರ್ಸಾ 101 ಅಂತ ಹೆಸರಿಟ್ಟರು. ಹೆಸರು ಇಟ್ಟಿದ್ದು ಸಂತೋಷ, ಹಾಡಿಗೆ ಬಂದ ದಿನ ಇನ್ನೂ ಸಂತೋಷ ಪಡೋಣ.

ಮೂಳೆಯ ವಿಷಯ ರಕ್ತದಷ್ಟು ಸುಲಭ ಅಲ್ಲ, ಇದನ್ನ ಮುಚ್ಚಿಡಬಾರದು. ರಕ್ತದ ಕೋಶವನ್ನ ಹೊರಗೆ ತೆಗೆದು ತಿದ್ದಿ ಒಳಗೆ ಹಾಕಬಹುದು. ಲಿವರಿಗೆ ರಕ್ತನಾಳದ ಮೂಲಕ ಔಷಧಿ ತಲುಪುತ್ತೆ, ಫಿಲಡೆಲ್ಫಿಯಾದಲ್ಲಿ ಆದದ್ದು ಅದೇ. ಕೀಲಿನ ಮೆದುಮೂಳೆಯಲ್ಲಿ ರಕ್ತನಾಳವೇ ಇಲ್ಲ, ಅಲ್ಲಿಗೆ ಏನನ್ನಾದರೂ ತಲುಪಿಸೋದು ಕಷ್ಟ. ಜೊತೆಗೆ ಬೆಳವಣಿಗೆಯ ಪದರ ಹದಿಹರೆಯ ಮುಗಿಯೋ ಹೊತ್ತಿಗೆ ಮುಚ್ಚಿಹೋಗುತ್ತೆ, ಆಮೇಲೆ ಯಾವ ಇಂಜೆಕ್ಷನ್ ಕೊಟ್ಟರೂ ಎತ್ತರ ಬರಲ್ಲ. ಅದಕ್ಕೇ ನನಗೆ ಅವಸರ. ಒಂದೊಂದು ವರ್ಷ ತಡವಾದ ಹಾಗೆ ಆ ಕೇರಿಗಳ ಒಂದೊಂದು ತಂಡ ಮಕ್ಕಳು ಆ ಬಾಗಿಲು ದಾಟಿ ಆಚೆ ಹೋಗ್ತಾರೆ.

ಹಾಗೇ ಇನ್ನೊಂದು ಎಚ್ಚರಿಕೆ. ಸ್ಟೆಮ್ ಸೆಲ್ ಇಂಜೆಕ್ಷನ್ ಹಾಕಿ ಸೊಂಟ ಸರಿ ಮಾಡ್ತೀವಿ ಅಂತ ಲಕ್ಷಗಟ್ಟಲೆ ಕೇಳೋ ಕ್ಲಿನಿಕ್ಕುಗಳಿವೆ. ಕೆಲವು ರಕ್ತದ ಕಾಯಿಲೆಗಳಿಗೆ ಮಾಡೋ ಕಸಿ ಬಿಟ್ಟರೆ ಬೇರೆಯದ್ದೆಲ್ಲ ಇನ್ನೂ ಪ್ರಯೋಗ, ದುಡ್ಡು ತಗೊಂಡು ಮಾಡುವಂತಿಲ್ಲ ಅಂತ ಐಸಿಎಂಆರ್ 2017ರ ಮಾರ್ಗಸೂಚಿಯಲ್ಲೇ ಹೇಳಿದೆ. ಸಾಲ ಮಾಡಿ ಹೋಗಬೇಡಿ.

ಈಗ ಮಾಡಬಹುದಾದದ್ದು. ದೇಶದ 83 ಜನಸಮುದಾಯಗಳ ಸುಮಾರು 10,000 ಜನರ ಪೂರ್ತಿ ಡಿಎನ್‌ಎ ಓದಿದ ಜೀನೋಮ್ ಇಂಡಿಯಾ ಯೋಜನೆಯನ್ನ ಮುನ್ನಡೆಸಿದ್ದು ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ. 2025ರ ಜನವರಿಯಲ್ಲಿ ಮಾಹಿತಿ ಸಂಶೋಧಕರಿಗೆ ತೆರೆದರು. ಆ 83ರಲ್ಲಿ ಚನ್ನಂಗಿಯವರು ಇದ್ದಾರಾ ಅಂತ ಕೇಳೋಣ. ಒಳಮೀಸಲಾತಿ ಸಮೀಕ್ಷೆಗೆ 2025ರಲ್ಲಿ 101 ಜಾತಿಗಳ ಮನೆ ಬಾಗಿಲಿಗೆ ಬರೋಕೆ ಆಗುತ್ತೆ ಅಂದ್ರೆ, ಈ ಕಾಯಿಲೆಯ ಮನೆಗಳ ಲೆಕ್ಕ ಹೊಸದಾಗಿ ತೆಗೆಯೋಕೂ ಆಗುತ್ತೆ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯ ಪ್ರಕಾರ ನೆರವು 50 ಲಕ್ಷ ರೂಪಾಯಿವರೆಗೆ ಇದೆ, ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಅದರ ಕೇಂದ್ರಗಳಲ್ಲಿ ಒಂದು. ಆ ಪಟ್ಟಿಯಲ್ಲಿ ಹಂದಿಗೋಡು ಅನ್ನೋ ಹೆಸರು ನೇರವಾಗಿ ಇರಬೇಕು. ಔಷಧಿ ಬರೋತನಕ ಸೊಂಟದ ಕೀಲು ಬದಲಿಸೋ ಆಪರೇಷನ್ ಇದ್ದೇ ಇದೆ, ಅದು ಯಾವ ಹೊಸ ವಿಜ್ಞಾನಕ್ಕೂ ಕಾಯಬೇಕಾಗಿಲ್ಲ. 2016ರ ಅಂಗವಿಕಲರ ಕಾಯ್ದೆಯ 21 ಬಗೆಗಳಲ್ಲಿ ಕುಬ್ಜತೆಯೂ ಇದೆ, ಬೆಳೆದವರ ಎತ್ತರ 147 ಸೆಂಟಿಮೀಟರ್ ಅಥವಾ ಕಡಿಮೆ ಇದ್ದರೆ ಸಾಕು. ಎತ್ತರ ಸರಿ ಇದ್ದು ಸೊಂಟ ಹೋದವರು ಚಲನ ವೈಕಲ್ಯದಲ್ಲಿ ಬರ್ತಾರೆ. ಯುಡಿಐಡಿ ಕಾರ್ಡ್ ಮಾಡಿಸದವರು ಮೊದಲು ಅದನ್ನ ಮಾಡಿಸಿ.

ನಾನು ಐಸಿಎಂಆರ್‌ಗೆ ಮಾಹಿತಿ ಹಕ್ಕಿನ ಅರ್ಜಿ ಟೈಪ್ ಮಾಡಿ ಇಟ್ಟಿದ್ದೀನಿ. ನಾಲ್ಕೇ ಪ್ರಶ್ನೆ. 1975ರಿಂದ ಈಚೆಗೆ ಹಂದಿಗೋಡು ಮತ್ತು ಸುತ್ತಿನ ಹಳ್ಳಿಗಳಲ್ಲಿ ಎಷ್ಟು ಜನರ ರಕ್ತ ತಗೊಂಡಿರಿ? ಆ ಮಾದರಿಗಳು ಈಗ ಎಲ್ಲಿವೆ? ಕೊಟ್ಟವರ ಒಪ್ಪಿಗೆ ಪತ್ರ ಯಾವ ಭಾಷೆಯಲ್ಲಿತ್ತು? ಜೀನ್ ಹುಡುಕೋ ಕೆಲಸಕ್ಕೆ ಇದುವರೆಗೆ ಎಷ್ಟು ಹಣ ಕೊಟ್ಟಿದೀರಿ? 10 ರೂಪಾಯಿ ಶುಲ್ಕ, ಕನ್ನಡದಲ್ಲೇ ಬರೆಯೋ ಅವಕಾಶ ಕಾಯ್ದೆಯಲ್ಲೇ ಇದೆ. ಒಬ್ಬ ಕಳಿಸಿದರೆ ಒಂದು ಕಾಗದ, ನೂರು ಜನ ಕಳಿಸಿದರೆ ಅಲ್ಲಿ ಒಂದು ಫೈಲು ತೆರೆಯಲೇಬೇಕಾಗುತ್ತೆ, ಅದು ನನಗೆ ಚೆನ್ನಾಗಿ ಗೊತ್ತು. ಸಾಗರ, ಸೊರಬ, ಹೊಸನಗರ ಕಡೆಯ ಸಂಗಾತಿಗಳು ಮೊದಲು ಕೇಳಿ. ನಮೂನೆ ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ, ಕಳಿಸ್ತೀನಿ.